ಸಮವಸ್ತ್ರದೊಳಗಿನ ಮನಸ್ಸಾಕ್ಷಿ

ಟೆರೆನ್ಸ್ ಮ್ಯಾಲಿಕ್ ನಿರ್ದೇಶಿಸಿದ ‘ಎ ಹಿಡನ್ ಲೈಫ್’ (2019) ಚಲನಚಿತ್ರವು ಆಸ್ಟ್ರಿಯಾದ ಕಥೋಲಿಕ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್‌ರವರ ನಿಜಜೀವನವನ್ನು ಆಧರಿಸಿದೆ. ಕಡ್ಡಾಯ ಸೈನಿಕ ಸೇವೆಯ ಕರೆ ಬಂದಾಗ ಅವರು ಹಿಟ್ಲರನ ಪರ ಹೋರಾಡಲು ನಿರಾಕರಿಸಿ, 1943ರ ಆಗಸ್ಟ್ 9ರಂದು ಶಿರಚ್ಛೇದನಕ್ಕೆ ಗುರಿಯಾದರು. 2007ರಲ್ಲಿ ಧರ್ಮಸಭೆ ಅವರನ್ನು ಧನ್ಯರೆಂದು ಘೋಷಿಸಿತು.

ಈ ಚಿತ್ರದ ದೊಡ್ಡ ಗುಣವೆಂದರೆ, ಮನಸ್ಸಾಕ್ಷಿಯ ಬೆಲೆಯನ್ನು ಇಡೀ ಮನೆ ತೆರುತ್ತದೆಂಬುದನ್ನು ಅದು ಮರೆಮಾಚುವುದಿಲ್ಲ. ಊರಿನವರ ತಿರಸ್ಕಾರದ ನಡುವೆ ಪತ್ನಿ ಫ್ರಾನ್ಸಿಸ್ಕಾ ಹೊಲ ಉಳುತ್ತಾ ಮೂವರು ಹೆಣ್ಣುಮಕ್ಕಳನ್ನು ಸಲಹುವ ದೃಶ್ಯಗಳು ಮನಕಲಕುತ್ತವೆ. ಆದರೆ ಒಂದು ಕೊರತೆಯೂ ಇದೆ. ಇಲ್ಲಿ ಮನಸ್ಸಾಕ್ಷಿಯೆಂದರೆ ನಿರಾಕರಣೆ ಮಾತ್ರ. ಒತ್ತಾಯವಿಲ್ಲದೆ ಸೇನೆ ಸೇರುವವನ ಮನಸ್ಸಾಕ್ಷಿಯ ಗತಿಯೇನು?

ಜರ್ಮನಿಯು 2011ರಲ್ಲಿ ಕಡ್ಡಾಯ ಸೇವೆಯನ್ನು ತಡೆಹಿಡಿಯಿತು. ಆಸ್ಟ್ರಿಯಾದ ಜನರಾದರೋ 2013ರ ಜನಮತಗಣನೆಯಲ್ಲಿ ಅದನ್ನು ಉಳಿಸಿಕೊಂಡರು. ಶಸ್ತ್ರ ಹಿಡಿಯಲೊಲ್ಲದ ಯುವಕರು ಬದಲಿ ಸೇವೆಯಾಗಿ ಆಂಬುಲೆನ್ಸ್‌ಗಳಲ್ಲಿ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದುದು ನಿಂತುಹೋದೀತೆಂಬ ಆತಂಕವೂ ಅದಕ್ಕೊಂದು ಕಾರಣ. ಕಡ್ಡಾಯವನ್ನು ಕೈಬಿಡುವ ಸರ್ಕಾರವು, ಆವರೆಗೆ ಅದು ಹೊತ್ತಿದ್ದ ಭಾರವನ್ನು ಇನ್ನಾರು ಹೊರಬೇಕೆಂದು ಮೊದಲೇ ಯೋಚಿಸಬೇಕಾಗುತ್ತದೆ.

ನಮ್ಮ ದೇಶದ ಸೇನೆಗೆ ಸೇರುವುದು ಸ್ವಇಚ್ಛೆಯಿಂದಲೇ. ಆದರೆ ಸ್ವಇಚ್ಛೆಯೆಂಬ ಮಾತ್ರಕ್ಕೆ ಎಲ್ಲವೂ ನ್ಯಾಯವಾಗದು. ಬೀದರ್ ಸೀಮೆಗೆ ಇದು ಗೊತ್ತು: ‘ರಜಾಕಾರ’ ಎಂಬ ಪದದ ಅರ್ಥವೇ ಸ್ವಯಂಸೇವಕ. 1948ರಲ್ಲಿ ಆ ಹೆಸರು ಗೋರಟಾದಂತಹ ಊರುಗಳಲ್ಲಿ ರಕ್ತ ಹರಿಸಿತು. ಪೊಲೀಸ್ ಕಾರ್ಯಾಚರಣೆಯ ಬಳಿಕ ಪ್ರತೀಕಾರದಲ್ಲಿ ನಿರಪರಾಧಿ ಮುಸ್ಲಿಮರೂ ಬಲಿಯಾದರು.

ಇನ್ನು 2022ರ ಅಗ್ನಿಪಥ ಯೋಜನೆ. ನಾಲ್ಕು ವರ್ಷಗಳ ಸೇವೆಯ ನಂತರ ಗರಿಷ್ಠ ಶೇ. 25ರಷ್ಟು ಮಂದಿಗಷ್ಟೇ ಸೇನೆಯಲ್ಲಿ ಮುಂದುವರಿಯುವ ಅವಕಾಶ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ ಉಂಟು, ಪಿಂಚಣಿ ಇಲ್ಲ. ಹಲಬರ್ಗಾದಂತಹ ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ಮಗ ಸೇನೆಗೆ ಹೊರಟರೆ, ಅದು ದೇಶಪ್ರೇಮದ ಕರೆಯೋ, ಹೊಟ್ಟೆಪಾಡಿನ ಒತ್ತಾಯವೋ? ಎರಡೂ ಇರಬಹುದು. ಹಾಗಿರುವಾಗ ಇಪ್ಪತ್ತೈದು ತುಂಬುವ ಮೊದಲೇ ಮನೆಗೆ ಮರಳುವ ಆ ಯುವಕನ ಮುಂದಿನ ಬಾಳಿಗೆ ದೇಶವೂ ಹೊಣೆ.

ಸೈನಿಕರು ತಮ್ಮ ಕರ್ತವ್ಯವೇನೆಂದು ಕೇಳಿದಾಗ, ಸ್ನಾನಿಕ ಯೊವಾನ್ನರು ಸೇನೆಯನ್ನು ಬಿಟ್ಟುಬಿಡಿ ಎನ್ನಲಿಲ್ಲ (ಲೂಕ 3:14). ಯಾರನ್ನೂ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದು ಬೋಧಿಸಿದರು. ನಿರಾಕರಿಸಿದ ಧನ್ಯ ಫ್ರಾನ್ಸ್‌ರನ್ನು ಗೌರವಿಸೋಣ. ಸೇನೆಗೆ ಹೊರಟು ನಿಂತ ಮಕ್ಕಳಿಗೆ ಯೊವಾನ್ನರ ಈ ಮಾತನ್ನು ಮನೆಯಲ್ಲಿಯೇ ಕಲಿಸಿ ಕಳುಹಿಸೋಣ.