ಓಡದ ಬಲೂನು ಕಾರಿಗೆ ಮೊದಲ ಬಹುಮಾನ

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಒಂದೇ ಮೇಜಿನ ಮೇಲೆ ಆರು ಬಲೂನು ಕಾರುಗಳಿದ್ದವು. ಒಂದಕ್ಕೆ ಬಂಗಾರದ ಬಣ್ಣದ ಕಾಗದ ಸುತ್ತಿದ್ದರೆ, ಇನ್ನೊಂದಕ್ಕೆ ಥರ್ಮೋಕೋಲಿನಲ್ಲಿ ಕಿಟಕಿ, ದೀಪ ಎಲ್ಲ ಕೊರೆದಿದ್ದರು. ಹಿಂದೆ ನಿಂತ ಮಕ್ಕಳು ನ್ಯೂಟನ್ನನ ಮೂರನೇ ನಿಯಮವನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಓಡಿಸಿ ತೋರಿಸಿ ಎಂದಾಗ ನಾಲ್ಕು ಕಾರುಗಳು ನಿಂತಲ್ಲೇ ನಡುಗಿದವು, ಬಲೂನು ಖಾಲಿಯಾಯಿತು. ಕೊನೆಗೆ ಮೊದಲ ಬಹುಮಾನ ಹೋದದ್ದು ಬಂಗಾರದ ಕಾಗದದ ಕಾರಿಗೆ. ಅದು ಒಂದು ಗೇಣೂ ಓಡಿರಲಿಲ್ಲ. ಆ ಅಂಕಪಟ್ಟಿಗೆ ನಾನೂ ಸಹಿ ಹಾಕಿದ್ದೇನೆ. ಅಂದಿನಿಂದ ಈ ಪುಟ್ಟ ಆಟಿಕೆಯ ಬಗ್ಗೆ ಯೋಚಿಸುತ್ತಲೇ ಇದ್ದೇನೆ.

ಬಲೂನು ಕಾರು ಶಾಲೆಗೆ ಸಿಕ್ಕ ಅತ್ಯುತ್ತಮ ಭೌತಶಾಸ್ತ್ರ ಪ್ರಾಜೆಕ್ಟುಗಳಲ್ಲಿ ಒಂದು ಎಂದು ನನ್ನ ದೃಢವಾದ ಅಭಿಪ್ರಾಯ. ನೀರಿನ ಬಾಟಲಿಯ ನಾಲ್ಕು ಮುಚ್ಚಳ, ಒಂದು ರಟ್ಟು, ಎರಡು ಕಡ್ಡಿ, ಮೂರು ಸ್ಟ್ರಾ, ಸೆಲ್ಲೋಟೇಪು, ಬಲೂನು: ಇಷ್ಟಿದ್ದರೆ ಸಾಕು, ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಕೆಟ್ಟಿರುವುದು ಅದನ್ನು ನಾವು ಮಾಡಿಸುವ ರೀತಿ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ದಲ್ಲಿ ಮೂರು ನಿಯಮಗಳನ್ನೂ ಜೊತೆಯಲ್ಲೇ ಇಟ್ಟಿದ್ದಾನೆ. ನಮ್ಮ ಮಕ್ಕಳ ಚಾರ್ಟಿನಲ್ಲಿ ಮೂರನೆಯದು ಮಾತ್ರ ಉಳಿದಿದೆ. ಗಾಳಿ ಹಿಂದಕ್ಕೆ ನುಗ್ಗಿದರೆ ಕಾರಿಗೆ ಮುಂದಕ್ಕೆ ತಳ್ಳು ಸಿಗುತ್ತದೆ ಎಂದಷ್ಟೇ ಅದು ಹೇಳುತ್ತದೆ. ಆ ತಳ್ಳು ಸಾಲುತ್ತದೆಯೇ, ಬಲೂನು ಖಾಲಿಯಾದ ಮೇಲೂ ಕಾರು ಎಷ್ಟು ದೂರ ಉರುಳುತ್ತದೆ ಎಂಬ ಪ್ರಶ್ನೆಗಳಿಗೆ ಮೊದಲೆರಡು ನಿಯಮಗಳ ಹತ್ತಿರ ಹೋಗಬೇಕು. ಜೊತೆಗೆ ಘರ್ಷಣೆಯ ಪಾಠವನ್ನೂ ತೆರೆಯಬೇಕು.

ಒಂದು ಲೆಕ್ಕ ನೋಡಿ. 18 ಸೆಂ.ಮೀ. ಅಡ್ಡಳತೆಗೆ ಊದಿದ ಬಲೂನಿನಲ್ಲಿ ಸುಮಾರು 3 ಲೀಟರ್ ಗಾಳಿ ಇರುತ್ತದೆ. ಅದರ ತೂಕ ಮೂರೂವರೆ ಗ್ರಾಂ ಆಸುಪಾಸು. ಆ ಮೂರೂವರೆ ಗ್ರಾಂ ಗಾಳಿ 60 ಗ್ರಾಂ ಕಾರನ್ನು ಎಳೆದೊಯ್ಯಬೇಕು! ಸಾಮಾನ್ಯ ಬಲೂನಿನೊಳಗಿನ ಒತ್ತಡ ಹೊರಗಿನದಕ್ಕಿಂತ ಎರಡು ಮೂರು ಸಾವಿರ ಪಾಸ್ಕಲ್‌ ಹೆಚ್ಚು, ಅಷ್ಟೇ. 5 ಮಿ.ಮೀ. ಬಾಯಿಯ ಸ್ಟ್ರಾದಿಂದ ಅದು ಹೊರಬಿದ್ದರೆ, ನಷ್ಟವೇ ಇಲ್ಲವೆಂದು ಹಿಡಿದರೂ ಸಿಗುವ ತಳ್ಳು ಸುಮಾರು ಹತ್ತು ಗ್ರಾಂ ತೂಕಕ್ಕೆ ಸಮ. ಅಂದರೆ ಕಾರಿನ ತೂಕದ ಆರನೇ ಒಂದು ಪಾಲು. ಅಚ್ಚಿನಲ್ಲಿ ಅಷ್ಟು ಹಿಡಿತ ಇದ್ದರೂ ಕಾರು ಅಲುಗುವುದಿಲ್ಲ. ಮೇಜಿನ ಮೇಲೆ ನಡುಗಿ ನಿಂತ ನಾಲ್ಕು ಕಾರುಗಳ ಕಥೆ ಇದೇ. ಥರ್ಮೋಕೋಲಿನ ಅಲಂಕಾರ ಹೆಚ್ಚು ಭಾರ ಹಾಕದಿರಬಹುದು, ಆದರೆ ಅದನ್ನು ಅಂಟಿಸಲು ಬಳಿದ ಅಂಟು ಖಂಡಿತ ಹಾಕುತ್ತದೆ.

ಹಾಗಾಗಿ ಈ ಕಾರಿನ ಜೀವ ಇರುವುದು ಚಕ್ರದಲ್ಲಿ ಮತ್ತು ಅಚ್ಚಿನಲ್ಲಿ. ಮುಚ್ಚಳದ ತೂತು ನಡುವಿನಿಂದ ಒಂದೆರಡು ಮಿಲಿಮೀಟರ್ ಸರಿದರೂ ಚಕ್ರ ಕುಂಟುತ್ತದೆ. ಬುಗುರಿ ಆಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ, ಮೊಳೆ ಓರೆಯಾದ ಬುಗುರಿ ಏನು ಮಾಡುತ್ತದೆಂದು ಅವರು ನೋಡಿದ್ದಾರೆ. ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತ ಗೀಚಿ, ಕತ್ತರಿಸಿ, ಎರಡು ಸಲ ಮಡಚಿದರೆ ಮಡಿಕೆಗಳು ಕೂಡುವಲ್ಲಿ ಕೇಂದ್ರ ಸಿಗುತ್ತದೆ. ವೃತ್ತದ ರೇಖಾಗಣಿತ ಇಲ್ಲಿ ಕೈಗೆ ಸಿಗುತ್ತದೆ. ಪೊರಕೆ ಕಡ್ಡಿ ಒಂದು ತುದಿಗೆ ದಪ್ಪ, ಇನ್ನೊಂದಕ್ಕೆ ಸಣ್ಣ, ಅಚ್ಚಿಗೆ ಒಗ್ಗದು. ನಯವಾದ ಬಿದಿರು ಕಡ್ಡಿ ವಾಸಿ. ಚಕ್ರ ಕಡ್ಡಿಗೆ ಬಿಗಿಯಾಗಿರಬೇಕು, ಕಡ್ಡಿ ಸ್ಟ್ರಾದೊಳಗೆ ಸಡಿಲವಾಗಿ ತಿರುಗಬೇಕು. ಎರಡು ಅಚ್ಚುಗಳೂ ಸಮಾಂತರವಾಗಿರದಿದ್ದರೆ ಕಾರು ಗೋಡೆಗೆ ತಿರುಗುತ್ತದೆ.

ಸ್ಟ್ರಾದ ಬಾಯಿ ಎಷ್ಟು ಅಗಲ ಇರಬೇಕೆಂಬುದು ನನಗೆ ಇಡೀ ಪ್ರಾಜೆಕ್ಟಿನ ಅತಿ ಸೊಗಸಾದ ಪ್ರಶ್ನೆ. ಅಡ್ಡಳತೆ ಎರಡು ಪಟ್ಟಾದರೆ ತಳ್ಳು ಸುಮಾರು ನಾಲ್ಕು ಪಟ್ಟಾಗುತ್ತದೆ, ಆದರೆ ಗಾಳಿ ಕಾಲು ಭಾಗ ಹೊತ್ತಿನಲ್ಲಿ ತೀರಿಹೋಗುತ್ತದೆ. ಖಾಲಿ ರೀಫಿಲ್ಲಿನಂಥ ಕಿರಿದಾದ ನಳಿಗೆ ಇಟ್ಟರೆ ಗಾಳಿ ಬಹಳ ಹೊತ್ತು ಸುಯ್ಯೆನ್ನುತ್ತದೆ, ಕಾರು ಮಾತ್ರ ಕದಲುವುದಿಲ್ಲ. ಉತ್ತರ ಪುಸ್ತಕದಲ್ಲಿಲ್ಲ, ಮೂರು ಬಗೆಯ ಸ್ಟ್ರಾ ಹಾಕಿ ಓಡಿಸಿಯೇ ತಿಳಿಯಬೇಕು. ಓಡಿಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ: ಹೊಸ ಬಲೂನಿನ ಮೊದಲ ಓಟ, ಎರಡನೆಯ ಓಟ ಒಂದೇ ಆಗಿರುವುದಿಲ್ಲ. ಒಮ್ಮೆ ಹಿಗ್ಗಿದ ರಬ್ಬರು ಮೆದುವಾಗುತ್ತದೆ. ನಾಲ್ಕೈದು ಸಲ ಊದಿ ಬಿಟ್ಟು, ಆಮೇಲೆ ದಾರ ಸುತ್ತಿ ಸುತ್ತಳತೆ ಹಿಡಿದು, ಪ್ರತಿ ಸಲವೂ ಅಷ್ಟೇ ಊದಿ ಅಳೆದರೆ ಮಾತ್ರ ಒಂದು ಓಟವನ್ನು ಇನ್ನೊಂದರ ಜೊತೆ ಹೋಲಿಸಬಹುದು. ಇದನ್ನು ಕಂಡುಕೊಂಡ ಹುಡುಗಿ ಪ್ರಯೋಗ ಎಂದರೇನೆಂದು ಕಲಿತಳು.

ಈಗ ಕಿಟ್ಟುಗಳು ಬಂದಿವೆ. ಚಕ್ರ, ಅಚ್ಚು, ನಳಿಗೆ ಎಲ್ಲ ಕಾರ್ಖಾನೆಯಲ್ಲೇ ತಯಾರು, ಜೋಡಿಸಿದರೆ ಓಡುತ್ತದೆ. ಪೋಷಕರಿಗೆ ಅನುಕೂಲ ನಿಜ. ಆದರೆ ಮಗು ಸೋಲಬೇಕಾದ ಜಾಗಗಳನ್ನೆಲ್ಲ ಮೊದಲೇ ಮುಚ್ಚಿಟ್ಟ ಪೆಟ್ಟಿಗೆ ಅದು. ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಹಳ್ಳಿಯ ಮಕ್ಕಳು ತಾವೇ ಮಾಡಿ ನೋಡಿ ಕಲಿಯಲೆಂದು ಹೊರಟಿತ್ತು. ಆ ಪ್ರಭಾವದಲ್ಲಿ ಬೆಳೆದ ಅರವಿಂದ ಗುಪ್ತ ಕಸದಿಂದ ನೂರಾರು ಆಟಿಕೆ ಮಾಡಿ ತೋರಿಸಿದರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಆಟಿಕೆಗಳನ್ನು ಮಗು ಬಿಚ್ಚಬಹುದು, ಕೆಡಿಸಬಹುದು, ಮತ್ತೆ ಕಟ್ಟಬಹುದು. ಬಲೂನು ಕಾರಿಗೂ ಇದೇ ಗುಣ ಇರಬೇಕು.

ಈ ವರ್ಷ ವಸ್ತುಪ್ರದರ್ಶನ ನಡೆಸುವ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ಮೇಜು ಬೇಡ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಅಳತೆ ಟೇಪು ಹಾಸಿರಿ. ಪ್ರತಿ ಕಾರೂ ಮೂರು ಸಲ ಓಡಲಿ. ಆಮೇಲೆ ಮಗುವಿನ ನೋಟ್‌ಪುಸ್ತಕ ಕೇಳಿ, ಮೊದಲ ಕಾರು ಯಾಕೆ ಓಡಲಿಲ್ಲ ಎಂದು ಬರೆದ ಪುಟಕ್ಕೆ ಅರ್ಧದಷ್ಟು ಅಂಕ ಕೊಡಿ.