ಅಡುಗೆಮನೆಗೆ ಬಂದ ಕುದುರೆ

ಜೂಜು ತಪ್ಪೆಂದು ನಂಬಿದವರು ಕುದುರೆ ಜೂಜಿನ ಕಾದಂಬರಿಯೊಂದನ್ನು ಸವಿದು ಓದಬಹುದೇ? ಐರಿಷ್ ಲೇಖಕ ಜಾರ್ಜ್ ಮೂರ್ 1894ರಲ್ಲಿ ಪ್ರಕಟಿಸಿದ 'ಎಸ್ತರ್ ವಾಟರ್ಸ್' ಓದುವಾಗ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ. ಕುದುರೆ ಸಾಕುವುದನ್ನಾಗಲಿ ಅದರ ಓಟದ ಸ್ಪರ್ಧೆಯನ್ನಾಗಲಿ ಇಸ್ಲಾಮ್ ವಿರೋಧಿಸುವುದಿಲ್ಲ. ಅದು ನಿಷೇಧಿಸಿರುವುದು ಜೂಜನ್ನು. ಹಾಗಾಗಿ ಪ್ರಶ್ನೆ ಕುದುರೆಯದ್ದಲ್ಲ, ಅದರ ಮೇಲೆ ಕಟ್ಟುವ ಹಣದ್ದು. ಮೂರ್ ಬರೆದಿರುವುದೂ ಆ ಹಣದ ಕಥೆಯನ್ನೇ.

ಮೂರ್‌ಗೆ ಈ ಲೋಕ ಅಪರಿಚಿತವಲ್ಲ. ಅವರ ತಂದೆ ರೇಸು ಕುದುರೆಗಳ ಒಡೆಯರಾಗಿದ್ದರು. ಆದರೆ ಮಗ ಕಥೆ ಹೇಳುವುದು ಒಡೆಯನ ಆಸನದಿಂದಲ್ಲ, ಅಡುಗೆಮನೆಯಿಂದ. ಕಟ್ಟುನಿಟ್ಟಿನ ಕ್ರೈಸ್ತ ಪಂಥದಲ್ಲಿ ಬೆಳೆದ, ಓದು ಬಾರದ ಎಸ್ತರ್ ಇಪ್ಪತ್ತರ ಹರೆಯದಲ್ಲಿ ವುಡ್‌ವ್ಯೂ ಎಂಬ ಶ್ರೀಮಂತರ ಮನೆಗೆ ಕೆಲಸಕ್ಕೆ ಬರುತ್ತಾಳೆ. ಅಲ್ಲಿ ಬಟ್ಲರನಿಂದ ಹಿಡಿದು ಲಾಯದ ಹುಡುಗರವರೆಗೆ ಎಲ್ಲರ ಮಾತೂ ಕುದುರೆಯದ್ದೇ. ಗುಡ್‌ವುಡ್‌ನಲ್ಲಿ ಯಜಮಾನರ ಕುದುರೆ ಗೆದ್ದಾಗ ಆಳುಕಾಳುಗಳೆಲ್ಲ ಹಬ್ಬ ಮಾಡುತ್ತಾರೆ. ಆ ಪುಟಗಳನ್ನು ಓದುವಾಗ ನಮಗೂ ಸಂತೋಷವಾಗುತ್ತದೆ. ಜನ್ಮವಿಡೀ ದುಡಿದರೂ ಕೈಗೆ ಹತ್ತದ ಹಣ ಅಂದು ಒಂದೇ ದಿನದಲ್ಲಿ ಅವರ ಕೈ ಸೇರಿದೆ.

ಕಾದಂಬರಿಯ ಬಲ ಇರುವುದು ಇಲ್ಲಿಯೇ. ಜೂಜಿನ ವಿರುದ್ಧ ಉಪದೇಶ ಮಾಡುವವರು ಸೋಲನ್ನಷ್ಟೇ ತೋರಿಸುತ್ತಾರೆ. ಮೂರ್ ಮೊದಲು ಗೆಲುವನ್ನು ತೋರಿಸುತ್ತಾರೆ. ಆ ಗೆಲುವಿನ ರುಚಿ ತಿಳಿಯದ ಓದುಗನಿಗೆ ಮುಂದೆ ವಿಲಿಯಂ ಲ್ಯಾಚ್ ಏಕೆ ನಿಲ್ಲಿಸಲಾರದೆ ಹೋದ ಎಂಬುದು ಅರ್ಥವಾಗುವುದಿಲ್ಲ.

ಎಸ್ತರಳನ್ನು ಕೆಡಿಸಿ ಹೊರಟುಹೋದವನು ಈ ವಿಲಿಯಂ. ಗರ್ಭಿಣಿಯಾದ ಅವಳು ಕೆಲಸ ಕಳೆದುಕೊಳ್ಳುತ್ತಾಳೆ. ಮಗು ಹುಟ್ಟಿದ ಮೇಲೆ ಶ್ರೀಮಂತರ ಕೂಸಿಗೆ ಎದೆಹಾಲು ಕುಡಿಸುವ ಕೆಲಸಕ್ಕೆ ಸೇರುತ್ತಾಳೆ. ವಾರಕ್ಕೆ ಸಿಗುವ 15 ಶಿಲಿಂಗ್‌ಗಳಲ್ಲಿ 5 ಅವಳ ಸ್ವಂತ ಮಗುವನ್ನು ಸಾಕುವವಳಿಗೆ ಹೋಗುತ್ತದೆ. ಶಿಲಿಂಗ್ ಲೆಕ್ಕದ ಈ ಬದುಕನ್ನೂ ಒಂದು ಓಟದಲ್ಲಿ ಬಂದು ಹೋಗುವ ಹಣವನ್ನೂ ಅಕ್ಕಪಕ್ಕ ಇಟ್ಟು ಮೂರ್ ಸುಮ್ಮನಾಗುತ್ತಾರೆ. ಹೋಲಿಕೆ ಮಾಡುವ ಹೊಣೆ ನಮ್ಮದು.

ವರ್ಷಗಳ ನಂತರ ಮರಳಿ ಬರುವ ವಿಲಿಯಂ ಬುಕ್ಕಿಯಾಗಿದ್ದಾನೆ. ಅವಳನ್ನು ಮದುವೆಯಾಗಿ ಲಂಡನ್ನಿನಲ್ಲಿ ಮದ್ಯದಂಗಡಿ ನಡೆಸುತ್ತಾನೆ. ಅವನನ್ನು ಖಳನನ್ನಾಗಿ ಮಾಡುವುದು ಸುಲಭವಿತ್ತು. ಮೂರ್ ಹಾಗೆ ಮಾಡಲಿಲ್ಲ. ಅವನು ಉದಾರಿ, ಮಗನನ್ನು ಪ್ರೀತಿಸುವ ತಂದೆ. ಆದರೆ ಅವನ ಕಟ್ಟೆಯ ಮುಂದೆ ಹಣ ಇಟ್ಟವರು ಒಬ್ಬೊಬ್ಬರಾಗಿ ಹಾಳಾಗುತ್ತಾರೆ. ಇಂಗ್ಲೆಂಡಿನ 1853ರ ಕಾನೂನು ಅಂಗಡಿಗಳಲ್ಲಿ ನಗದು ಪಣವನ್ನು ನಿಷೇಧಿಸಿತ್ತು. ಉಳ್ಳವರು ತಮ್ಮ ಕ್ಲಬ್ಬುಗಳಲ್ಲಿ ಸಾಲದ ಲೆಕ್ಕದಲ್ಲಿ ಪಣ ಕಟ್ಟುವುದಕ್ಕೆ ಅಡ್ಡಿಯಿರಲಿಲ್ಲ. ಒಂದೇ ಚಟ ಶ್ರೀಮಂತನಿಗೆ ವಿನೋದ, ಬಡವನಿಗೆ ಅಪರಾಧ. ಈ ಇಬ್ಬಂದಿತನವನ್ನು ಕಾದಂಬರಿ ಮರೆಯಲು ಬಿಡುವುದಿಲ್ಲ.

ಕೃತಿಗೆ ದೋಷವಿಲ್ಲವೆಂದಲ್ಲ. ಉತ್ತರಾರ್ಧದಲ್ಲಿ ಆತ್ಮಹತ್ಯೆ, ಕಳವು, ಜೈಲು, ದಂಡ, ಕ್ಷಯರೋಗ ಒಂದರ ಹಿಂದೊಂದು ಸಾಲುಗಟ್ಟುತ್ತವೆ. ಅಷ್ಟು ಹೊತ್ತು ತಾಳ್ಮೆಯಿಂದ ನಡೆದ ಕಥೆ ಇಲ್ಲಿ ಉಪದೇಶಕರ ಪಟ್ಟಿಯಂತೆ ಕಾಣುತ್ತದೆ. ಆದರೆ ವಿಲಿಯಂನ ಕೊನೆಯ ಬಾಜಿ ಬಂದಾಗ ಆ ದೂರು ಮರೆತುಹೋಗುತ್ತದೆ. ಈಜಿಪ್ಟಿನ ಬೆಚ್ಚನೆಯ ಹವೆಗೆ ಹೋದರೆ ಅವನು ಬದುಕಿಯಾನು. ಅದಕ್ಕೆ ಹಣ ಬೇಕು. ಹಣಕ್ಕೆ ಅವನಿಗೆ ಗೊತ್ತಿರುವ ದಾರಿ ಒಂದೇ. ಜೂಜನ್ನು ಎಂದೂ ಒಪ್ಪದ ಎಸ್ತರ್ ಕೂಡ ಅಂದು ಕುದುರೆ ಗೆಲ್ಲಲೆಂದು ಬಯಸುತ್ತಾಳೆ. ನಾವೂ ಬಯಸುತ್ತೇವೆ. ಕುದುರೆ ಸೋಲುತ್ತದೆ.

ನಾವು ಹಾಗೆ ಬಯಸಿದ್ದು ತಪ್ಪೇ? ಅಲ್ಲವೆನಿಸುತ್ತದೆ. ಆ ಬಯಕೆ ನಮ್ಮೊಳಗೂ ಹುಟ್ಟಿದ್ದರಿಂದಲೇ ಜೂಜು ಹೇಗೆ ಮನೆ ಹೊಗುತ್ತದೆಂಬುದು ತಿಳಿಯಿತು. ಅದು ಯಾವಾಗಲೂ ದುರಾಸೆಯ ವೇಷದಲ್ಲಿ ಬರುವುದಿಲ್ಲ. ಔಷಧಿಯ ಖರ್ಚಿನ ರೂಪದಲ್ಲಿ, ಮಕ್ಕಳ ಭವಿಷ್ಯದ ರೂಪದಲ್ಲಿಯೂ ಬರುತ್ತದೆ. ಕೊನೆಗೆ ಎಸ್ತರ್ ವುಡ್‌ವ್ಯೂಗೆ ಮರಳುತ್ತಾಳೆ. ಲಾಯ ಖಾಲಿಯಾಗಿದೆ. ಒಡತಿಯೂ ಕೆಲಸದವಳೂ, ಇಬ್ಬರು ವಿಧವೆಯರು, ಪಾಳುಬೀಳುತ್ತಿರುವ ಆ ಮನೆಯಲ್ಲಿ ಜೊತೆಯಾಗಿ ಬದುಕುತ್ತಾರೆ. ಜೂಜಾಡಿದವರು ಗಂಡಸರು, ಅದರ ಬಾಕಿ ತೀರಿಸಿದವರು ಈ ಹೆಂಗಸರು.