ಕಾಳ್ಗಿಚ್ಚಿನ ಚರಿತ್ರೆಯಲ್ಲಿ ಹೊಗೆಯ ಸ್ಥಾನ

ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಕಣಿವೆಯ ಕಾಳ್ಗಿಚ್ಚು, 1949ರ ಆಗಸ್ಟ್ 5ರಂದು ಅದನ್ನು ಆರಿಸಲು ಹೋದವರಲ್ಲಿ 13 ಮಂದಿಯನ್ನು ಬಲಿತೆಗೆದುಕೊಂಡಿತು. ಈ ದುರಂತವನ್ನು ಕುರಿತು ನಾರ್ಮನ್ ಮ್ಯಾಕ್ಲೀನರು ರಚಿಸಿದ ‘ಯಂಗ್ ಮೆನ್ ಅಂಡ್ ಫೈರ್’ ಎಂಬ ಗ್ರಂಥವು ಅವರ ಮರಣಾನಂತರ 1992ರಲ್ಲಿ ಪ್ರಕಟವಾಯಿತು.

ಗ್ರಂಥದ ಗುಣವನ್ನು ಮೊದಲು ಹೇಳಬೇಕು. ಬದುಕುಳಿದ ಮೂವರಲ್ಲಿ ಇಬ್ಬರನ್ನು 1978ರಲ್ಲಿ ಮತ್ತೆ ಆ ಇಳಿಜಾರಿಗೆ ಕರೆದೊಯ್ದು, ಅವರ ನೆನಪನ್ನು ನೆಲದ ಕುರುಹುಗಳೊಡನೆಯೂ ಅಗ್ನಿವಿಜ್ಞಾನಿಗಳ ಗಣಿತದೊಡನೆಯೂ ಒರೆಹಚ್ಚಿ ನೋಡಿದ ಕ್ರಮವು ಇತಿಹಾಸದ ವಿದ್ಯಾರ್ಥಿಗಳಿಗೆ ಮೇಲ್ಪಂಕ್ತಿಯಾಗಿದೆ. ಜ್ವಾಲೆ ಮೈಮುಟ್ಟುವ ಮುನ್ನವೇ ಉಸಿರು ಸೋಲುತ್ತದೆಂಬುದನ್ನೂ ಗ್ರಂಥಕರ್ತರು ಮರೆತಿಲ್ಲ.

ಆದರೆ ಅವರು ಕಂಡದ್ದು ಮರಣಕ್ಷಣದ ಹೊಗೆಯನ್ನು ಮಾತ್ರ. ಮನುಷ್ಯರಿಗೂ ಬೆಂಕಿಗೂ ನಡೆದ ಓಟವೇ ಕಥನದ ಬೆನ್ನೆಲುಬಾದುದರಿಂದ, ವರ್ಷವರ್ಷವೂ ಹೊಗೆ ಕುಡಿಯುತ್ತ ದುಡಿದು ಬದುಕಿದವರಿಗೆ ಅಲ್ಲಿ ಎಡೆ ದೊರೆಯಲಿಲ್ಲ. ಈ ಕೊರತೆಯಲ್ಲಿ ಕಾಳ್ಗಿಚ್ಚಿನ ಚರಿತ್ರೆ ಬರೆಯುವ ರೂಢಿಗೂ ಪಾಲಿದೆಯೆಂದು ನಮ್ಮ ಅಭಿಪ್ರಾಯ. 1910ರ ಮಹಾದಹನದಲ್ಲಿ ಐಡಾಹೋ ರಾಜ್ಯದ ವ್ಯಾಲೇಸ್ ಊರಿನ ಬಳಿ ಎಡ್ ಪುಲಾಸ್ಕಿಯು ತನ್ನ ತಂಡವನ್ನು ಗಣಿಯ ಸುರಂಗದೊಳಗೆ ಹೊಗಿಸಿ ಕಾಪಾಡಿದನು. ಸುರಂಗದಲ್ಲಿ ಸತ್ತ ಐವರು ಲೆಕ್ಕಕ್ಕೆ ಬಂದರು. ಪುಲಾಸ್ಕಿಯ ಕಣ್ಣು, ಶ್ವಾಸಕೋಶಗಳಿಗಾದ ಹಾನಿಯು ವೀರಗಾಥೆಯ ಅಡಿಟಿಪ್ಪಣಿಯಾಗಿ ಉಳಿಯಿತು.

ಇದಕ್ಕೆ ಕಾರಣವು ಸಾಕ್ಷ್ಯದ ಸ್ವರೂಪದಲ್ಲಿದೆ. ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಂಡು, ತಲೆನೋವನ್ನೂ ವಿವೇಚನೆಯ ಮಾಂದ್ಯವನ್ನೂ ತರುತ್ತದೆ. ಕನಲಿ ಹೊಗೆಯಾಡುವ ಕೊಳ್ಳಿಗಳಿಂದ ಅದು ವಿಶೇಷವಾಗಿ ಹೊಮ್ಮುವುದರಿಂದ, ಜ್ವಾಲೆ ಅಡಗಿದ ಮೇಲೆ ಬೂದಿ ಕೆದಕುವವರಿಗೂ ಅಪಾಯ ತಪ್ಪಿದ್ದಲ್ಲ. ಶುದ್ಧ ಗಾಳಿಯಲ್ಲಿ ನಾಲ್ಕೈದು ಗಂಟೆಗಳಿಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅಂದೇ ಅಳೆಯದಿದ್ದರೆ ಇತಿಹಾಸಕಾರನಿಗೆ ದಾಖಲೆಯೇ ಉಳಿಯದು.

ಈ ಮೌನಕ್ಕೆ ತೆರಬೇಕಾದ ಬೆಲೆ ಅಲ್ಪವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಅಗ್ನಿಶಾಮಕ ವೃತ್ತಿಯನ್ನು ನಿಶ್ಚಿತ ಕ್ಯಾನ್ಸರ್‌ಕಾರಕಗಳ ವರ್ಗಕ್ಕೆ ಸೇರಿಸಿದ್ದು 2022ರಲ್ಲಿ. ಅಮೆರಿಕದ ಅರಣ್ಯಸೇವೆಯು ಕಾಳ್ಗಿಚ್ಚಿನ ಕೆಲಸಗಾರರಿಗೆ ಎನ್‌95 ಮುಖವಾಡವನ್ನು ಒಪ್ಪಿದ್ದು 2025ರಲ್ಲಿ. ಆ ಮುಖವಾಡವೂ ಕಣಗಳನ್ನು ತಡೆಯುತ್ತದೆಯೇ ಹೊರತು ಕಾರ್ಬನ್ ಮಾನಾಕ್ಸೈಡನ್ನು ತಡೆಯಲಾರದು.

ಮ್ಯಾಕ್ಲೀನರ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಓದಲೇಬೇಕು. ಆದರೆ ಆ ಇಳಿಜಾರಿನಲ್ಲಿ ನೆಟ್ಟ ಶಿಲುಬೆಗಳನ್ನು ಎಣಿಸಿದಲ್ಲಿಗೆ ಕಾಳ್ಗಿಚ್ಚಿನ ಚರಿತ್ರೆ ಮುಗಿಯದು. ಕೆಲಸದ ಸರದಿಪಟ್ಟಿ, ಆಸ್ಪತ್ರೆಯ ದಾಖಲೆ, ಪರಿಹಾರದ ಅರ್ಜಿ ಇವೂ ಅದರ ಆಕರಗಳೆಂಬುದನ್ನು ಅವರು ಮನಗಾಣಬೇಕು.